ಬೀರುವಿನ ಹಿಂದಿನ ಕಪ್ಪು

ಇಂಗ್ಲೆಂಡಿನಲ್ಲಿ ನಮಗೆ ಇದು ಎರಡನೇ ಚಳಿಗಾಲ. ಜನವರಿಯ ಒಂದು ಭಾನುವಾರ ಮಗಳ ಚೆಂಡು ಹಿಂದೆ ಹೋಯ್ತು ಅಂತ ಬೀರು ಎಳೆದೆ ನೋಡಿ, ಗೋಡೆ ಪೂರ್ತಿ ಕಪ್ಪು! ಯಾರೋ ಮಸಿ ಚೆಲ್ಲಿದ ಹಾಗೆ ಬೂಷ್ಟು. ಅಲ್ಲಿಂದ ಎರಡಡಿ ದೂರಕ್ಕೆ ಮಗಳ ತೊಟ್ಟಿಲು. ಅವಳಿಗೆ ಎರಡು ವಾರದಿಂದ ಕೆಮ್ಮು ಬೇರೆ.

ಸಾಗರದ ಕಡೆಯವನಾದ ನನಗೆ ಬೂಷ್ಟು ಹೊಸದೇನಲ್ಲ. ಆಷಾಢ ಬಂತಂದ್ರೆ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬಿಳಿ ಬೂಷ್ಟು. ಅಮ್ಮ ಒರೆಸಿ ಬಚ್ಚಲ ಒಲೆ ಹತ್ತಿರ ಇಡ್ತಿದ್ಲು, ಅಲ್ಲಿಗೆ ಮುಗೀತು. ಇದು ಹಾಗಲ್ಲ. ಒರೆಸಿದೆ, ಹತ್ತೇ ದಿನಕ್ಕೆ ವಾಪಸ್ ಬಂತು.

ಬಾಡಿಗೆ ಏಜೆಂಟ್ ಬಂದು ನೋಡಿದ. ಗೋಡೆಗಿಂತ ಜಾಸ್ತಿ ಹೊತ್ತು ನಮ್ಮ ಕುಕ್ಕರ್ ನೋಡಿದ. "ನೀವು ಅಡುಗೆ ಬಹಳ ಮಾಡ್ತೀರೇನೋ?" ಅಂದು, "ಲೈಫ್‌ಸ್ಟೈಲ್" ಅಂತ ಬರೆದುಕೊಂಡು ಹೋದ. ನನ್ನವಳ ಮುಖ ಸಣ್ಣದಾಯ್ತು. ಅವತ್ತು ರಾತ್ರಿ ಸಾರು ಇಲ್ಲ, ಬ್ರೆಡ್ ತಿಂದು ಮಲಗಿದ್ವಿ.

ಸಿಟ್ಟಿಗೆ ಒಂದು ತೇವಮಾಪಕ ತಂದು ಹತ್ತು ದಿನ ಎಕ್ಸೆಲ್ಲಿನಲ್ಲಿ ಬರೆದಿಟ್ಟೆ (ಇಂಜಿನಿಯರ್ ಬುದ್ಧಿ!). ರಾತ್ರಿ ಕೋಣೆ 20 ಡಿಗ್ರಿ, ತೇವಾಂಶ 70%. ಅಂಥ ಗಾಳಿ 14 ಡಿಗ್ರಿಗಿಂತ ತಣ್ಣಗಿರೋ ಯಾವುದನ್ನು ಮುಟ್ಟಿದರೂ ನೀರಾಗುತ್ತೆ. ಬೀರುವಿನ ಹಿಂದಿನ ಹೊರಗೋಡೆ 12 ಡಿಗ್ರಿ ಇತ್ತು, ಹೀಟರಿನ ಬಿಸಿ ಅಲ್ಲಿಗೆ ತಲುಪೋದೇ ಇಲ್ಲ. ತಣ್ಣೀರು ತುಂಬಿದ ಚೊಂಬಿನ ಹೊರಗೆ ಬೆವರುತ್ತಲ್ಲ, ಅದೇ ಕಥೆ.

ನೀರು ಎಲ್ಲಿಂದ? ಬಚ್ಚಲಮನೆ ಫ್ಯಾನಿಗೆ ಟಿಶ್ಯೂ ಪೇಪರ್ ಹಿಡಿದೆ. ಸದ್ದು ವಿಮಾನದ್ದು, ಆದ್ರೆ ಪೇಪರ್ ಅಂಟಲೇ ಇಲ್ಲ! ಅದು ಮನೆಯವರ ಪಾಲು. ನಮ್ಮ ಪಾಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಷೀನಿನಿಂದ ತೆಗೆದ ಒದ್ದೆ ಬಟ್ಟೆ ಎಲ್ಲ ಕೋಣೆಯ ಹೀಟರ್ ಮೇಲೆ ಒಣಗಿಸ್ತಿದ್ವಿ. ಒಂದು ಸಲದ ಬಟ್ಟೆಯಿಂದ ಸುಮಾರು 2 ಲೀಟರ್ ನೀರು ಗಾಳಿಗೆ ಸೇರುತ್ತೆ. ಸಾರಿನ ಹಬೆ ಅದರ ಮುಂದೆ ಎಷ್ಟರದ್ದು?

ಇನ್ನೊಂದು ತಪ್ಪು ನನ್ನ ಮಲೆನಾಡು ಬುದ್ಧಿಯದು. ಹೊರಗೆ ಮಳೆ ಅಂದ್ರೆ ಕಿಟಕಿ ಹಾಕೋದು ನಮ್ಮ ಅಭ್ಯಾಸ, ಊರಲ್ಲಿ ಅದು ಸರಿಯೇ. ಇಲ್ಲಿ ಉಲ್ಟಾ! 5 ಡಿಗ್ರಿಯ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಒಂದು ಘನ ಮೀಟರಿಗೆ ಹಿಡಿಯೋದು 7 ಗ್ರಾಂಗಿಂತ ಕಡಿಮೆ ನೀರು. 20 ಡಿಗ್ರಿಗೆ ಅದು 17 ಗ್ರಾಂ ಹಿಡಿಯುತ್ತೆ. ಅಂದ್ರೆ ಮಳೆಗಾಳಿಯನ್ನೇ ಒಳಗೆ ತಂದು ಬೆಚ್ಚಗೆ ಮಾಡಿದರೆ ತೇವಾಂಶ 40%!

ಈಗ ಬೆಳಿಗ್ಗೆ ಸಂಜೆ ಹತ್ತು ನಿಮಿಷ ಎದುರುಬದುರು ಕಿಟಕಿ ತೆಗೀತೀವಿ. ಬೀರು ಗೋಡೆಯಿಂದ ಒಂದು ಗೇಣು ಈಚೆ ಬಂದಿದೆ. ಬಟ್ಟೆ ಬಚ್ಚಲಮನೆಗೆ, ಬಾಗಿಲು ಹಾಕಿ, ತೇವ ಎಳೆಯೋ ಯಂತ್ರದ ಜೊತೆ. ಕಪ್ಪನ್ನ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ತೆಗೆದೆ, ಒಣಗಿದ್ದನ್ನ ಉಜ್ಜಿದರೆ ಅದರ ಬೀಜಕಣ ಮನೆಯೆಲ್ಲ ಹಾರುತ್ತೆ. ಟಿಶ್ಯೂ ಫೋಟೋ ಕಳಿಸಿದ ಮೂರು ವಾರಕ್ಕೆ ಹೊಸ ಫ್ಯಾನೂ ಬಂತು.

ಆಮೇಲೆ ಅವಾಬ್ ಇಶಾಕ್ ಬಗ್ಗೆ ಓದಿದೆ. ರಾಕ್‌ಡೇಲ್ ಊರಿನ ಎರಡು ವರ್ಷದ ಮಗು, ಮನೆಯ ಬೂಷ್ಟಿನಿಂದಲೇ 2020ರ ಡಿಸೆಂಬರಿನಲ್ಲಿ ಹೋಯ್ತು ಅಂತ 2022ರಲ್ಲಿ ವಿಚಾರಣೆ ಹೇಳಿತು. ಅಪ್ಪ ಅಮ್ಮ ಸುಡಾನಿನಿಂದ ಬಂದವರು. ಅವರಿಗೂ "ನೀವು ಸ್ನಾನ ಮಾಡೋ ರೀತಿ" ಅಂತ ದೂರಿದ್ದರಂತೆ. ಈಗ ಆ ಮಗುವಿನ ಹೆಸರಲ್ಲೇ ಕಾನೂನಿದೆ, ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ 2025ರ ಅಕ್ಟೋಬರ್ 27ರಿಂದ ಅದರ ಮೊದಲ ಹಂತ ಜಾರಿಯಾಯ್ತು. ಓದಿ ಮುಗಿಸಿ, ಎದ್ದು ಹೋಗಿ ಮಗಳ ಉಸಿರು ಕೇಳಿಸಿಕೊಂಡು ಬಂದೆ.

ಅವಳ ಕೆಮ್ಮು ಹೋಯ್ತು. ಡಾಕ್ಟ್ರು ಅದು ಬರೀ ನೆಗಡಿ ಅಂದ್ರು. ಮನೆಯಲ್ಲಿ ಮತ್ತೆ ಸಾರು ಕುದೀತಿದೆ, ಕಿಟಕಿ ತೆರೆದುಕೊಂಡು :-) ಬೀರು ಮಾತ್ರ ಪ್ರತಿ ಭಾನುವಾರ ಎಳೆದು ನೋಡ್ತೀನಿ. ನೀವೂ ಇವತ್ತು ಒಂದ್ಸಲ ಎಳೆದು ನೋಡಿ.