ನಾಳೆಗೂ ವಯಸ್ಸಾಗುತ್ತೆ ಗುರುವೇ!

ಅಣ್ಣಾವ್ರು ಸಿಐಡಿ 999 ಆಗಿ ಬಂದ ‘ಜೇಡರ ಬಲೆ’ (1968) ನೋಡಿದ್ದೀರಲ್ಲ? ಆ ಕಾಲದ ಪತ್ತೇದಾರಿ ಚಿತ್ರಗಳೆಂದರೆ ಖಳನಾಯಕನ ಅಡ್ಡಾ, ತಾನೇ ಸರಿಯುವ ಬಾಗಿಲು, ಮಿಣಮಿಣ ಮಿನುಗುವ ಕೆಂಪು-ನೀಲಿ ಬಲ್ಬು! ಅವರು ಕಂಡ ‘ನಾಳೆ’ ಅದು. ಇವತ್ತು ನೋಡಿದರೆ ನಗು ಬರುತ್ತೆ, ಪ್ರೀತಿನೂ ಬರುತ್ತೆ.

ಅಮೆರಿಕದ ಡಿಸ್ನಿಲ್ಯಾಂಡಿಗೂ ಇದೇ ಫಜೀತಿ. 1955ರಲ್ಲಿ ‘ಟುಮಾರೋಲ್ಯಾಂಡ್’ ಕಟ್ಟಿ, 1986 ಹೀಗಿರುತ್ತೆ ಅಂತ ರಾಕೆಟ್ಟು ನಿಲ್ಲಿಸಿದರು. 1986 ಬಂತು, ಹೋಯ್ತು! ಕಡೆಗೆ 1992ರಲ್ಲಿ ಪ್ಯಾರಿಸ್ಸಿನ ಪಾರ್ಕಿನಲ್ಲಿ ಉಪಾಯ ಹೂಡಿದರು: ನಾಳೆಯನ್ನು ಊಹಿಸೋದೇ ಬೇಡ, ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಕಂಡ ಹಳೇ ಕನಸನ್ನೇ ಕಟ್ಟೋಣ. ಹಳೇ ಕನಸು ಇನ್ನು ಹಳತಾಗೋದಿಲ್ಲವಲ್ಲ!

ನಮ್ಮ ಹೊಸಪೇಟೆಯ ಟುಮಾರೋಲ್ಯಾಂಡ್ ಅಂದ್ರೆ ತುಂಗಭದ್ರಾ ಡ್ಯಾಂ. 1953ರದ್ದು, ಡಿಸ್ನಿಯದಕ್ಕಿಂತ ಎರಡು ವರ್ಷ ಹಿರಿದು. ಅಲ್ಲಿನ ಉದ್ಯಾನದ ಬಣ್ಣದ ಕಾರಂಜಿ ಎದುರು ನಿಂತು, ನಾನೇ 999 ಅಂದ್ಕೊಂಡು ಬೆಳೆದವನು ನಾನು.

2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯ್ತು. ಕಂಪ್ಲಿಯಿಂದ ಮಾವ ಫೋನ್ ಮಾಡಿದರು: “ಅಳಿಯಾ, ನೀರೆಲ್ಲ ಹೋದ್ರ ನಮ್ ಭತ್ತದ ಗತಿ ಏನೋ?” ನನ್ನ ಹತ್ರ ಉತ್ತರ ಇರಲಿಲ್ಲ. ವಾರದೊಳಗೆ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಮಾವನ ಭತ್ತ ಉಳೀತು.

ಅದೇ ಹೊಳೆಯ ಕೆಳಗೆ, ಹಂಪಿಯಲ್ಲಿ, ವಿಜಯನಗರ ಅರಸರ ಕಾಲದ ತುರ್ತಾ ಕಾಲುವೆ ಇವತ್ತೂ ಹರೀತಿದೆ. ಪಾರ್ಕಿನ ನಾಳೆಗೆ ಬಣ್ಣ ಬಳಿದರೆ ಸಾಕು. ಊರಿನ ನಾಳೆಗೆ ವರ್ಷ ವರ್ಷ ಹೂಳು ತೆಗೀಬೇಕು, ಚೈನು ನೋಡ್ಕೋಬೇಕು!