ಧ್ವನಿ ಮತ್ತು ಮಾತು

ಹೊರನಾಡಿನ ಮನೆಗಳಿಗೆ ಕನ್ನಡವು ಬೀದಿಯಿಂದ ಬರುವುದಿಲ್ಲ. ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದಲ್ಲಿ ಅದು ಇರುವುದು ನಮ್ಮ ಮಾತಿನಲ್ಲಿ, ಇಲ್ಲವೇ ಕಂಪ್ಯೂಟರಿನಲ್ಲಿ. ನಾವಿಬ್ಬರೂ ಕಚೇರಿಗೆ ಹೊರಟ ಮೇಲೆ ಎಪ್ಪತ್ತನಾಲ್ಕರ ಅಮ್ಮನಿಗೆ ಉಳಿಯುವುದು ಎರಡನೆಯದು ಮಾತ್ರ: ಕುಮಾರವ್ಯಾಸ ಭಾರತದ ಗಮಕ, ಮಲ್ಲಿಕಾರ್ಜುನ ಮನ್ಸೂರರ ಹಾಡು. ಈಚೆಗೆ ಅವರು, “ಧ್ವನಿ ಕೇಳಿಸ್ತದೆ, ಮಾತು ಕೇಳಿಸೋದಿಲ್ಲ ಕಣೋ” ಎಂದರು. ಹೊಸ ಸ್ಪೀಕರ್ ಹುಡುಕಲು ಅದೇ ಕಾರಣವಾಯಿತು.

ಅಮ್ಮ ಹೇಳಿದ ವ್ಯತ್ಯಾಸಕ್ಕೆ ಶಾಸ್ತ್ರದ ಆಧಾರವಿದೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಸಕಾರ, ಶಕಾರ, ತಕಾರಗಳನ್ನು ಬೇರ್ಪಡಿಸಿ ತೋರುವ ಗುರುತುಗಳು ಬಹುಪಾಲು 2000 ಹರ್ಟ್ಸ್‌ಗಿಂತ ಮೇಲಿವೆ, ಬಲದಲ್ಲಿಯೂ ಕ್ಷೀಣ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕಂಪನಗಳನ್ನೇ. ಆದ್ದರಿಂದ ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚೀತೇ ಹೊರತು ಅರ್ಥ ಹೆಚ್ಚದು.

ನೆಹರೂ ಪ್ಲೇಸಿನ ಅಂಗಡಿಯವನು 2.1 ಸೆಟ್ಟಿನಲ್ಲಿ ಸಿನಿಮಾ ಹಾಡೊಂದನ್ನು ಹಾಕಿದ. ಸಬ್ ವೂಫರಿಗೆ ನೆಲ ನಡುಗಿತು. ಪೆಟ್ಟಿಗೆಯ ಮೇಲೆ ಪಿಎಂಪಿಒ ವ್ಯಾಟುಗಳ ದೊಡ್ಡ ಸಂಖ್ಯೆಯಿತ್ತು. ಅದು ಕ್ಷಣಮಾತ್ರದ ಗರಿಷ್ಠದ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್ ಸಂಖ್ಯೆಯನ್ನು. ನಾನು ಪೆನ್ ಡ್ರೈವಿನಲ್ಲಿ ಒಯ್ದಿದ್ದ ಗಮಕವನ್ನು ಅದರಲ್ಲಿಯೇ ಹಾಕಿಸಿದೆ. ವಾಚಕರು ಬಾವಿಯೊಳಗಿಂದ ಹಾಡಿದಂತಿತ್ತು. ಒಂದು ಪದದ ಗುಂಯ್‌ಗುಡುವಿಕೆ ಮುಂದಿನ ಪದವನ್ನು ಮುಚ್ಚುತ್ತಿತ್ತು. ಅನಂತರ ಸಬ್ ವೂಫರಿಲ್ಲದ, ನಾಲ್ಕು ಅಂಗುಲದ ಕೋನ್ ಮತ್ತು ಪ್ರತ್ಯೇಕ ಟ್ವೀಟರ್ ಉಳ್ಳ ಜೋಡಿಯೊಂದನ್ನು ಕೇಳಿದೆ. ಲಕಾರ ಳಕಾರಗಳು ಬೇರೆ ಬೇರೆಯಾಗಿ ನಿಂತವು. ತಂಬೂರಿಯ ಮಂದ್ರವೂ ಸಾಕಷ್ಟು ಉಳಿಯಿತು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಅದು ಮಾಯವಾಗಿರುತ್ತದೆ. “ಇದರಲ್ಲಿ ಬೇಸ್ ಇಲ್ಲ ಸರ್” ಎಂದು ಅಂಗಡಿಯವನು ಹಿಂದಿಯಲ್ಲಿ ಮರುಗಿದ. ಬೆಲೆಯೂ ಹೆಚ್ಚಾಗಿತ್ತು. ಕೊಂಡೆ.

ಇರಿಸುವ ಜಾಗವೂ ಅಷ್ಟೇ ಮುಖ್ಯ. ಕೋಣೆಯ ಮೂಲೆ ಕೆಳಧ್ವನಿಯನ್ನು ಉಬ್ಬಿಸುತ್ತದೆ. ಆದ್ದರಿಂದ ಸ್ಪೀಕರುಗಳನ್ನು ಗೋಡೆಯಿಂದ ತುಸು ಮುಂದಕ್ಕೆ, ಕುಳಿತವರ ಕಿವಿಯ ಎತ್ತರಕ್ಕೆ ಇರಿಸಿದೆ. ಅಮ್ಮನ ಕುರ್ಚಿಯನ್ನು ಒಂದೂವರೆ ಮೀಟರಿನಷ್ಟು ಹತ್ತಿರಕ್ಕೆ ಎಳೆದೆ. ಹತ್ತಿರವಾದಷ್ಟೂ ಗೋಡೆಗಳ ಪ್ರತಿಧ್ವನಿಗಿಂತ ನೇರ ಧ್ವನಿ ಮುಂದಾಗುತ್ತದೆ.

ಮೊದಲ ವಾರವೇ ಅಮ್ಮ ವಾಚಕರೊಬ್ಬರು ಪದ ಒಡೆದ ರೀತಿ ತಪ್ಪೆಂದು ಆಕ್ಷೇಪಿಸಿದರು. ನನಗೆ ಬೇಕಾಗಿದ್ದ ಪ್ರಮಾಣಪತ್ರ ಅದೇ. ಆದರೂ ಯಂತ್ರ ಕಿವಿಯನ್ನು ಗುಣಪಡಿಸದು. ಶ್ರವಣ ಪರೀಕ್ಷೆಯನ್ನೂ ಮಾಡಿಸಿದ್ದೇವೆ. ಮನೆಯ ಹಿರಿಯರಿಗಾಗಿ ಸ್ಪೀಕರ್ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ: ಅಂಗಡಿಯವರ ಹಾಡಿಗೆ ತಲೆದೂಗಬೇಡಿ, ಅವರು ದಿನವೂ ಕೇಳುವ ದನಿಯನ್ನು ಜೊತೆಗೆ ಒಯ್ಯಿರಿ, ಸಾಧ್ಯವಾದರೆ ಅವರನ್ನೂ.