ಮಾಯಾ ಕೊಳಲು ಮತ್ತು ಪೇಟಿ ಮಾಸ್ತರರು

ನಾಟಕವೊಂದು ಸಿನಿಮಾದವರ ಕೈಗೆ ಸಿಕ್ಕಿತೆಂದರೆ ಅವರು ಮೊದಲು ಮಾಡುವ ಕೆಲಸ ಅದನ್ನು ಬಯಲಿಗೆ ಕರೆದೊಯ್ಯುವುದು. ರಂಗದ ಮೇಲೆ ನಾಲ್ಕು ಮೊಳ ಬಟ್ಟೆಗೆ ಹಸಿರು ಬಳಿದು ‘ಇದು ಕಾಡು’ ಎಂದಿದ್ದರೆ, ಇವರು ಲಾರಿ ತುಂಬ ಸಾಮಾನು ಹೇರಿಕೊಂಡು ನಿಜವಾದ ಕಾಡಿಗೇ ಹೋಗುತ್ತಾರೆ. ಪಾಶ್ಚಾತ್ಯರ ಸಂಗೀತ ನಾಟಕವಾದ ಆಪೆರಾಕ್ಕೂ ಇದೇ ಗತಿ. ಜೋಸೆಫ್ ಲೋಸಿ 1979ರಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ಯನ್ನು ಇಟಲಿಯ ವಿಚೆಂಜಾ ಸುತ್ತಲಿನ ಹಳೆಯ ಬಂಗಲೆಗಳಿಗೆ ಒಯ್ದ. ಫ್ರಾಂಚೆಸ್ಕೊ ರೋಸಿ 1984ರಲ್ಲಿ ಬಿಜೆಯ ‘ಕಾರ್ಮೆನ್’ ಅನ್ನು ಸ್ಪೇನಿನ ಬಿಸಿಲು, ಧೂಳು, ಗೂಳಿಕಾಳಗದ ನಡುವೆ ನಿಲ್ಲಿಸಿದ. ಎರಡನ್ನೂ ನಾನು ಸಂತೋಷದಿಂದಲೇ ನೋಡಿದ್ದೇನೆ. ಆದರೂ ಒಂದು ಮುಜುಗರ ಉಳಿಯುತ್ತದೆ. ಬೀದಿ ನಿಜ, ಬಿಸಿಲು ನಿಜ, ಕುದುರೆ ನಿಜ. ಅದರ ನಡುವೆ ಒಬ್ಬ ಮನುಷ್ಯ ನಿಂತು ನಾಲ್ಕು ನಿಮಿಷ ಕಂಠ ಬಿರಿಯೆ ಹಾಡುತ್ತಾನೆ. ಅವನಿಗಿಂತ ಪಕ್ಕದ ಕುದುರೆಯೇ ಹೆಚ್ಚು ಬುದ್ಧಿವಂತನಂತೆ ಕಾಣತೊಡಗುತ್ತದೆ.

ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಇದಕ್ಕೆ ತಿರುಗುಮುರುಗಾದ ಕೆಲಸ ಮಾಡಿದ. ಮೊಜಾರ್ಟನ ‘ಮಾಯಾ ಕೊಳಲು’ ಅವನ ಕೈಗೆ ಬಂದಾಗ ಅವನು ಅದನ್ನು ರಂಗದಿಂದ ಇಳಿಸಲೇ ಇಲ್ಲ. ಹಗ್ಗ, ರಾಟೆ, ಬಣ್ಣದ ಪರದೆ, ಮೇಕಪ್ಪಿನ ಬೆವರು ಎಲ್ಲವನ್ನೂ ಇದ್ದಲ್ಲೇ ಇಟ್ಟು ಕ್ಯಾಮೆರಾವನ್ನು ಒಳಗೆ ಕರೆತಂದ. ಆ ಸಿನಿಮಾದ ಬಗ್ಗೆ ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೇನೆ. ಆದರೆ ನನ್ನ ತಂದೆಯವರನ್ನು ಬಿಟ್ಟು ಅದರ ಬಗ್ಗೆ ಬರೆಯುವುದು ನನ್ನಿಂದ ಆಗುವ ಮಾತಲ್ಲ.

ಅಪ್ಪ ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರರು. 1935ರಿಂದ ಮೂವತ್ತು ವರ್ಷ ಕಾಲ್ಪೇಟಿ ತುಳಿದವರು. ಹುಬ್ಬಳ್ಳಿ, ಗದಗ, ಬಾಗಲಕೋಟೆ, ಸೊಲ್ಲಾಪುರ ಎಂದು ಕ್ಯಾಂಪಿನಿಂದ ಕ್ಯಾಂಪಿಗೆ ಅವರ ಪೇಟಿ ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು, ನಾವು ಹಿಂದಿನಿಂದ. ಕೊನೆಗೆ ಕಂಪನಿ ಮುಚ್ಚಿದಾಗ ಮಾಲಕರು ಏಳು ತಿಂಗಳ ಪಗಾರ ಕೊಡಲಿಲ್ಲ. ಅಪ್ಪ ಅವರನ್ನು ಒಮ್ಮೆಯೂ ಬೈದದ್ದನ್ನು ನಾ ಕೇಳಿಲ್ಲ. ಬೈಗುಳವೆಲ್ಲ ಸಿನಿಮಾಕ್ಕೆ ಮೀಸಲು. ನಾಟಕದ ಕಥೆ ಒಯ್ದರು, ನಟರನ್ನು ಒಯ್ದರು, ಮಂದಿಯನ್ನು ಒಯ್ದರು, ತಿರುಗಿ ಏನು ಕೊಟ್ಟರು ಎಂಬುದು ಅವರ ಪ್ರಶ್ನೆ. ಬಾಲಗಂಧರ್ವರಂಥ ಬಾಲಗಂಧರ್ವರೇ 1935ರಲ್ಲಿ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥನಾದದ್ದನ್ನು ಅವರು ಒಂದು ಸಾವಿನ ಸುದ್ದಿಯ ಹಾಗೆ ಹೇಳುತ್ತಿದ್ದರು. ಹೆಣ್ಣುಪಾತ್ರದಿಂದ ಇಡೀ ಮಹಾರಾಷ್ಟ್ರ, ಕರ್ನಾಟಕಗಳನ್ನು ಮರುಳು ಮಾಡಿದ ಮನುಷ್ಯ ತೆರೆಯ ಮೇಲೆ ಗಂಡಸಾಗಿ ನಿಂತರೆ ಉಳಿಯುವುದೇನು? ನಮ್ಮ ಊರಿನಲ್ಲಿ ಟಾಕೀಜು ಮನೆಯಿಂದ ಎರಡು ಓಣಿ ಆಚೆ ಇತ್ತು. ಅಪ್ಪ ಅದರ ಹೊಸ್ತಿಲು ತುಳಿಯಲಿಲ್ಲ.

ನಾನು ‘ಮಾಯಾ ಕೊಳಲು’ ನೋಡಿದ್ದು 1983ರಲ್ಲಿ, ನೌಕರಿಯ ನಿಮಿತ್ತ ಪುಣೆಯಲ್ಲಿದ್ದಾಗ, ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಪ್ರೊಜೆಕ್ಟರಿನ ಕರಕರ ಸದ್ದು ಹಿಂದೆ, ಮೊಜಾರ್ಟ್ ಮುಂದೆ. ಅರ್ಧ ತಾಸಿನೊಳಗೆ ನನಗೆ ಹತ್ತಿದ ಯೋಚನೆ ಒಂದೇ: ಇದನ್ನು ಅಪ್ಪ ನೋಡಬೇಕು.

ಯಾಕೆಂದರೆ ಈ ಆಪೆರಾ ಹುಟ್ಟಿದ್ದೇ ಕಂಪನಿ ನಾಟಕದಂಥ ಕಡೆಯಲ್ಲಿ. ಆಪೆರಾ ಎಂದರೆ ಅರಮನೆ, ವಜ್ರದ ಹಾರ, ದುರ್ಬೀನು ಹಿಡಿದ ಶ್ರೀಮಂತ ಹೆಂಗಸರು ಎಂದು ನಾವು ತಿಳಿದಿರುತ್ತೇವೆ. ‘ಮಾಯಾ ಕೊಳಲು’ 1791ರ ಸೆಪ್ಟೆಂಬರ್ 30ರಂದು ಮೊದಲು ಆಡಿದ್ದು ವಿಯೆನ್ನಾದ ಹೊರವಲಯದ ಒಂದು ಥಿಯೇಟರಿನಲ್ಲಿ, ಜನಸಾಮಾನ್ಯರು ತಿಳಿಯುವ ಜರ್ಮನ್ ಭಾಷೆಯಲ್ಲಿ, ನಡುನಡುವೆ ಮಾತು, ನಡುನಡುವೆ ಹಾಡು. ಥಿಯೇಟರು ನಡೆಸುತ್ತಿದ್ದವ ಎಮಾನ್ಯುಯೆಲ್ ಶಿಕಾನೆಡರ್. ನಾಟಕ ಬರೆದವನೂ ಅವನೇ, ಹಕ್ಕಿ ಹಿಡಿಯುವ ಹಾಸ್ಯಗಾರ ಪಪಗೇನೊನ ಪಾರ್ಟು ಹಾಕಿದವನೂ ಅವನೇ. ರಾತ್ರಿರಾಣಿಯಾದವಳು ಮೊಜಾರ್ಟನ ಹೆಂಡತಿಯ ಅಕ್ಕ. ಮನೆಮಂದಿಯೆಲ್ಲ ಸೇರಿ ನಡೆಸುವ ಕಂಪನಿಗೆ ಇನ್ನೇನು ಬೇಕು! ಪಪಗೇನೊ ರಂಗದ ಮೇಲೆ ಗಂಟೆಪೆಟ್ಟಿಗೆ ಬಾರಿಸುವಂತೆ ನಟಿಸಬೇಕು, ನಿಜವಾಗಿ ಬಾರಿಸುವವರು ಒಳಗಿರುತ್ತಾರೆ. ಒಂದು ರಾತ್ರಿ ಮೊಜಾರ್ಟ್ ತಾನೇ ಒಳಗೆ ಹೋಗಿ ಕೂತು, ಶಿಕಾನೆಡರ್ ಸುಮ್ಮನಿರುವಾಗ ಬಾರಿಸಿ ಕೀಟಲೆ ಮಾಡಿದನಂತೆ. ಶಿಕಾನೆಡರ್ ಆ ಪೆಟ್ಟಿಗೆಗೇ ಒಂದೇಟು ಹಾಕಿ ‘ಬಾಯಿ ಮುಚ್ಚು’ ಎಂದನಂತೆ, ಮಂದಿ ಬಿದ್ದುಬಿದ್ದು ನಕ್ಕರಂತೆ. ಇದನ್ನು ಮೊಜಾರ್ಟನೇ ಹೆಂಡತಿಗೆ ಕಾಗದದಲ್ಲಿ ಬರೆದಿದ್ದಾನೆ. ಅದೇ ವರ್ಷ ಡಿಸೆಂಬರ್ 5ಕ್ಕೆ ಅವನು ಸತ್ತ. ಮೂವತ್ತೈದು ವಯಸ್ಸು.

ಬರ್ಗ್‌ಮನ್ನನಿಗೆ ಈ ನಾಟಕದ ಹುಚ್ಚು ಹಿಡಿದದ್ದು ಹನ್ನೆರಡನೆಯ ವರ್ಷದಲ್ಲಿ, ಸ್ಟಾಕ್‌ಹೋಮಿನ ಆಪೆರಾ ಮಂದಿರದಲ್ಲಿ. ಮನೆಗೆ ಬಂದವನೇ ತನ್ನ ಗೊಂಬೆಯಾಟದ ರಂಗದಲ್ಲಿ ಅದನ್ನು ಆಡಿಸಲು ಹೊರಟ. ಆದರೆ ಗ್ರಾಮಫೋನ್ ತಟ್ಟೆಗಳನ್ನು ಕೊಳ್ಳಲು ದುಡ್ಡಿರಲಿಲ್ಲ. ಆಟ ಅಲ್ಲಿಗೇ ನಿಂತಿತು. 1968ರ ‘ತೋಳನ ಗಳಿಗೆ’ ಎಂಬ ಅವನ ಭಯಾನಕ ಚಿತ್ರದಲ್ಲಿ ಒಂದು ಗೊಂಬೆರಂಗ ಬರುತ್ತದೆ. ಅದರಲ್ಲಿ ‘ಮಾಯಾ ಕೊಳಲಿ’ನ ನಾಯಕ ತಮಿನೊ ಕತ್ತಲೆಯಲ್ಲಿ ನಿಂತು ಹಾಡುತ್ತಾನೆ, ನೋಡನೋಡುತ್ತ ಆ ಗೊಂಬೆ ಜೀವಂತ ಮನುಷ್ಯ ಎಂದು ತಿಳಿಯುತ್ತದೆ. ಹುಡುಗನ ಹಟ ಒಳಗೇ ಬೆಳೆಯುತ್ತಿತ್ತು ಎನ್ನಲು ಬೇರೆ ಸಾಕ್ಷಿ ಬೇಡ. ಸ್ವೀಡನ್ನಿನ ಆಕಾಶವಾಣಿಗೆ ಐವತ್ತು ವರ್ಷ ತುಂಬಿದ ಸಂದರ್ಭಕ್ಕೆಂದು ದೂರದರ್ಶನಕ್ಕಾಗಿ ಅವನು ಇದನ್ನು ತೆಗೆದ. 1975ರ ಹೊಸ ವರ್ಷದ ದಿನ ಪ್ರಸಾರವಾಯಿತು. ಆಗ ಅವನಿಗೆ ಐವತ್ತಾರು.

ಚಿತ್ರ ತೆಗೆಯಲು ಅವನು ಬಯಸಿದ ಜಾಗ ಡ್ರಾಟ್‌ನಿಂಗ್‌ಹೋಮ್ ಅರಮನೆಯ ರಂಗಮಂದಿರ. ಇದರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1766ರಲ್ಲಿ ಕಟ್ಟಿದ್ದು. ನಾಟಕದ ಹುಚ್ಚಿನ ದೊರೆ ಮೂರನೆಯ ಗುಸ್ತಾವ್ ಅದನ್ನು ಬೆಳೆಸಿದ. 1792ರಲ್ಲಿ ಅವನನ್ನು ಸ್ಟಾಕ್‌ಹೋಮಿನ ಆಪೆರಾ ಮಂದಿರದ ಒಂದು ವೇಷಕೂಟದಲ್ಲಿ ಗುಂಡಿಕ್ಕಿದರು; ಮುಂದೆ ವೆರ್ದಿ ಆ ಕೊಲೆಯ ಮೇಲೂ ಒಂದು ಆಪೆರಾ ಮಾಡಿದ, ಆ ಮಾತು ಬೇರೆ. ದೊರೆ ಸತ್ತ ಮೇಲೆ ಅರಮನೆಯ ಮಂದಿರದಲ್ಲಿ ಆಟ ನಿಂತವು, ಹೊರಗಿನ ಲೋಕಕ್ಕೆ ಅದು ಮರೆತೇಹೋಯಿತು. 1921ರಲ್ಲಿ ಅಗ್ನೆ ಬೆಯೆರ್ ಎಂಬ ವಿದ್ವಾಂಸ ಯಾವುದೋ ಚಿತ್ರಪಟ ಹುಡುಕುತ್ತ ಒಳಹೊಕ್ಕು ನೋಡಿದರೆ, ನೂರಕ್ಕೂ ಹೆಚ್ಚು ವರ್ಷದ ಧೂಳಿನ ಕೆಳಗೆ ಎಲ್ಲವೂ ಇದ್ದಂತೆಯೇ ಇದೆ! ಬಣ್ಣದ ಪರದೆಗಳು, ಅವನ್ನು ಕ್ಷಣದಲ್ಲಿ ಬದಲಿಸುವ ಕಟ್ಟಿಗೆಯ ಯಂತ್ರ, ಉರುಳಿಸಿದರೆ ಸಮುದ್ರವಾಗುವ ತೆರೆಗಳು, ಕಲ್ಲು ತುಂಬಿದ ಗುಡುಗಿನ ಪೆಟ್ಟಿಗೆ.

ಆದರೆ ಅಷ್ಟು ಹಳೆಯ, ಅಷ್ಟು ನಾಜೂಕಾದ ಕಟ್ಟಿಗೆ ಸಿನಿಮಾದವರ ದೀಪ, ಕೇಬಲ್ಲುಗಳ ಭಾರ ತಾಳುವಂತಿರಲಿಲ್ಲ. ಆ ರಂಗದ ಪಡಿಯಚ್ಚನ್ನೇ ಬರ್ಗ್‌ಮನ್ ಸ್ಟುಡಿಯೋದಲ್ಲಿ ಕಟ್ಟಿಸಿದ. ಎಂಥ ಬುದ್ಧಿ ನೋಡಿ: ಬೇರೆಯವರು ಸೆಟ್ಟಿನ ಕಾಡು ಬಿಟ್ಟು ನಿಜವಾದ ಕಾಡಿಗೆ ಹೋದರೆ, ಇವನು ನಿಜವಾದ ರಂಗದ ಸೆಟ್ಟು ಹಾಕಿದ. ಹಾಡುಗಳನ್ನೆಲ್ಲ ಮೊದಲೇ ಎರಿಕ್ ಎರಿಕ್‌ಸನ್ನನ ನಿರ್ದೇಶನದಲ್ಲಿ ಸ್ವೀಡಿಷ್ ಭಾಷೆಯಲ್ಲೇ ಮುದ್ರಿಸಿಕೊಂಡರು. ಗಾಯಕರು ತಮ್ಮದೇ ದನಿಗೆ ತುಟಿ ಆಡಿಸಿದರು. ನಮಗೆ ಪ್ಲೇಬ್ಯಾಕ್ ಹೊಸದಲ್ಲ, ಆದರೆ ಆಪೆರಾದಲ್ಲಿ ಇದರ ಲಾಭ ದೊಡ್ಡದು. ಹಾಡುವವನ ಕುತ್ತಿಗೆಯ ನರ ಉಬ್ಬುವುದಿಲ್ಲ, ಬಾಯಿ ಗುಹೆಯಾಗುವುದಿಲ್ಲ, ಕ್ಯಾಮೆರಾ ಗೇಣು ದೂರಕ್ಕೆ ಬಂದರೂ ಮುಖ ಮುಖವಾಗಿಯೇ ಇರುತ್ತದೆ. ಅದಕ್ಕೆಂದೇ ಅವನು ದೊಡ್ಡ ಕಂಠದವರನ್ನು ಬಿಟ್ಟು, ಮೋರೆಯೂ ಮಾತಾಡಬಲ್ಲ ಎಳೆಯರನ್ನು ಆರಿಸಿದ. ಪಪಗೇನೊ ಆದ ಹಾಕನ್ ಹಾಗೆಗೋರ್ಡನ ನಗೆಯನ್ನು ಇಪ್ಪತ್ತನೆಯ ಸಾಲಿನಲ್ಲಿ ಕೂತವ ಎಂದೂ ಹೀಗೆ ನೋಡಲಾರ.

ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್. ಇಬ್ಬರೂ ಸೇರಿ ಮಾಡಿದ ಚಮತ್ಕಾರಗಳು ಒಂದೆರಡಲ್ಲ, ಒಂದಕ್ಕೂ ದುಡ್ಡಿನ ಜಂಬವಿಲ್ಲ. ಮೊದಲು ಬರುವ ಘಟಸರ್ಪ, ಒಳಗೆ ಮನುಷ್ಯರಿದ್ದಾರೆಂದು ಕೂಸಿಗೂ ತಿಳಿಯುವಂಥದು. ಹೆದರಿಕೆಗಿಂತ ಮುದ್ದು ಬರುತ್ತದೆ. ಮೂವರು ಹುಡುಗರು ಬಲೂನಿನಲ್ಲಿ ಇಳಿದು ಬರುತ್ತಾರೆ. ತಮಿನೊ ಕೈಯಲ್ಲಿ ಹಿಡಿದ ಪಮಿನಾಳ ಚಿತ್ರ ಅವನು ಹಾಡುತ್ತಿರುವಾಗಲೇ ಮಿಸುಕಾಡುತ್ತದೆ. ನೀತಿಯ ಮಾತು ಬಂದಲ್ಲಿ ಪಾತ್ರಗಳು ಅದನ್ನು ಬರೆದ ಫಲಕಗಳನ್ನೇ ತೋರಿಸುತ್ತವೆ, ಸಾಲಿಯ ಮಕ್ಕಳ ಹಾಗೆ. ರಾತ್ರಿರಾಣಿಯ ಸಿಟ್ಟಿನ ಹಾಡಿಗೆ ಕ್ಯಾಮೆರಾ ಅವಳ ಮುಖ ಬಿಟ್ಟು ಅಲ್ಲಾಡುವುದಿಲ್ಲ. ತಾಯಿಯ ಮುಖ ಹೋಗಿ ಹೆಣದ ಮುಖ ಬರುತ್ತದೆ. ರಂಗದ ಅಂಚು ಎಲ್ಲಿ ಮುಗಿಯಿತು, ಸಿನಿಮಾ ಎಲ್ಲಿ ಸುರುವಾಯಿತು ಎಂದು ಹಿಡಿಯಲು ಹೋದರೆ ಸಿಕ್ಕುವುದಿಲ್ಲ.

ಕಥೆಯನ್ನೂ ಅವನು ಕೈಯಾಡಿಸದೆ ಬಿಟ್ಟಿಲ್ಲ. ಮೂಲದಲ್ಲಿ ಸರಾಸ್ತ್ರೊ ಎಂಬ ಪುರೋಹಿತ ರಾಣಿಯ ಮಗಳು ಪಮಿನಾಳನ್ನು ಯಾಕೆ ಹೊತ್ತೊಯ್ದ ಎಂಬುದು ಒಗಟಿನಂತಿದೆ. ಬರ್ಗ್‌ಮನ್ ಅವನನ್ನು ಅವಳ ತಂದೆಯನ್ನಾಗಿ ಮಾಡಿಬಿಟ್ಟ. ಜಗಳ ಗಂಡಹೆಂಡಿರದ್ದಾಯಿತು, ನಡುವೆ ಮಗಳು. ಎರಡನೆಯ ಅಂಕದ ದೃಶ್ಯಗಳನ್ನೂ ಹಿಂದೆಮುಂದೆ ಮಾಡಿದ, ಒಂದು ಮೂವರ ಹಾಡನ್ನೇ ಬಿಟ್ಟ. ಶುದ್ಧ ಸಂಗೀತದವರಿಗೆ ಇದು ಸಹಿಸದು. ನನಗೆ ಆ ತಂದೆತನ ಸರಿಯೆನಿಸಿದೆ, ಬಿಟ್ಟ ಹಾಡಿನ ಬಗ್ಗೆ ಮಾತ್ರ ಹೊಟ್ಟೆಯುರಿ ಇದೆ.

1994ರಲ್ಲಿ ನನ್ನ ತಂಗಿಯ ಗಂಡ ಇದರ ವಿಡಿಯೋ ಕ್ಯಾಸೆಟ್ಟನ್ನು ಎಲ್ಲಿಂದಲೋ ಸಂಪಾದಿಸಿ ತಂದ. ಅಪ್ಪನಿಗಾಗ ಎಪ್ಪತ್ತೆಂಟು. ಬಾಡಿಗೆ ವಿ.ಸಿ.ಆರ್. ತರಿಸಿ, ‘ಇದು ಸಿನಿಮಾ ಅಲ್ಲ, ನಾಟಕ’ ಎಂದು ಹೇಳಿ ಕೂಡ್ರಿಸಿದೆ. ಅದು ಸುಳ್ಳೂ ಅಲ್ಲ. ಅಪ್ಪ ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಕೊಂಡು ಕೂತರು, ಎದ್ದು ಹೋಗಲು ಅನುಕೂಲವಾಗಲಿ ಎಂದು.

ಚಿತ್ರ ಸುರುವಾಗುವುದೇ ಮುನ್ನುಡಿಯ ವಾದ್ಯಸಂಗೀತದಿಂದ. ಏಳು ನಿಮಿಷದ ಈ ವಾದನಕ್ಕೆ ಬರ್ಗ್‌ಮನ್ ತೋರಿಸುವುದು ಕೇಳುವವರ ಮುಖಗಳನ್ನು. ಮುದುಕರು, ಹುಡುಗರು, ಬೇರೆ ಬೇರೆ ದೇಶದ ಮೋರೆಗಳು, ಒಂದಾದ ಮೇಲೊಂದು, ಸ್ವರ ಬದಲಾದಂತೆ ಮುಖ ಬದಲು. ಮತ್ತೆ ಮತ್ತೆ ಒಬ್ಬ ಪುಟ್ಟ ಹುಡುಗಿ. ವಿಮರ್ಶಕರಲ್ಲಿ ಕೆಲವರು ಇದನ್ನು ಅತಿಯಾಯಿತು ಎಂದಿದ್ದಾರೆ. ಪುಣೆಯಲ್ಲಿ ನೋಡಿದಾಗ ನನಗೂ ಸ್ವಲ್ಪ ದೀರ್ಘವೆನಿಸಿತ್ತು. ಅಪ್ಪ ಕುರ್ಚಿ ನೆಟ್ಟಗೆ ಮಾಡಿಕೊಂಡರು.

“ಇವರೆಲ್ಲಾ ಯಾರೋ?”

“ಕೇಳಾಕ ಬಂದ ಮಂದಿ, ಅಪ್ಪಾ.”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಮೂವತ್ತು ವರ್ಷ ಪೇಟಿ ಬಾರಿಸೇನಿ. ಮಂದಿ ಹ್ಯಾಂಗ ಕೇಳತಾರಂತ ಬೆನ್ನಿಗೆ ಗೊತ್ತಿತ್ತು. ಕಣ್ಣಿಗೆ ಗೊತ್ತಿರಲಿಲ್ಲ.”

ಓದುಗರಲ್ಲಿ ಕಂಪನಿ ನಾಟಕ ನೋಡದವರಿಗಾಗಿ ಹೇಳುತ್ತೇನೆ: ಪೇಟಿ ಮಾಸ್ತರರು ಕೂಡ್ರುವುದು ರಂಗದ ಮುಂದಿನ ತಗ್ಗಿನಲ್ಲಿ, ನಟರ ಕಡೆ ಮುಖ, ಪ್ರೇಕ್ಷಕರ ಕಡೆ ಬೆನ್ನು. ನಟನ ತುಟಿ ನೋಡಿ ಸ್ವರ ಹಿಡಿಯಬೇಕು. ಹಿಂದೆ ಸಾವಿರ ಮಂದಿ ಅಳಲಿ, ನಗಲಿ, ‘ಒನ್ಸ್‌ಮೋರ್’ ಎಂದು ಕೂಗಲಿ, ತಿರುಗುವ ಹಾಗಿಲ್ಲ.

ಆ ಮೇಲೆ ಅವರು ಏಳಲಿಲ್ಲ. ಪಪಗೇನೊ ಬಣ್ಣದ ಮನೆಯಲ್ಲಿ ನಿದ್ದೆ ಹೋಗಿ, ತನ್ನ ಹಾಡು ಕೇಳಿ ಗಾಬರಿಯಿಂದ ಓಡಿ ಬರುವುದನ್ನು ಕಂಡು ಕೆಮ್ಮು ಹತ್ತುವಷ್ಟು ನಕ್ಕರು. ತಮ್ಮ ಕಂಪನಿಯ ಹಾಸ್ಯಪಾತ್ರದವನೊಬ್ಬನ ಹೆಸರು ಹೇಳಿ, ಅವನೂ ಹೀಗೇ ಎಂದರು. ಮಧ್ಯಂತರದಲ್ಲಿ ನಟರು ಬಣ್ಣದ ಸಮೇತ ತೆರೆಯ ಹಿಂದೆ ಕೂತಿರುತ್ತಾರೆ. ನಾಯಕ ನಾಯಕಿ ಚದುರಂಗ ಆಡುತ್ತಾರೆ, ಸರಾಸ್ತ್ರೊ ವ್ಯಾಗ್ನರನ ‘ಪಾರ್ಸಿಫಲ್’ ಸ್ವರಲಿಪಿ ಓದುತ್ತಾನೆ, ರಾತ್ರಿರಾಣಿ ‘ಸಿಗರೇಟು ಸೇದಬಾರದು’ ಎಂಬ ಬೋರ್ಡಿನ ಕೆಳಗೇ ಕೂತು ಸಿಗರೇಟು ಸೇದುತ್ತಾಳೆ. ಅಪ್ಪನಿಗೆ ಇದ್ಯಾವುದನ್ನೂ ತರ್ಜುಮೆ ಮಾಡಿ ಹೇಳಬೇಕಾಗಲಿಲ್ಲ. ಹಾಡುಗಳ ಅರ್ಥ ಹೇಳಹೋದರೂ ಕೈ ಮಾಡಿ ಸುಮ್ಮನಿರಿಸಿದರು.

ಮುಗಿದಾಗ ರಾತ್ರಿ ಹನ್ನೊಂದು. ಹೊಗಳಿಕೆ ಬರಬಹುದೆಂದು ನಾನು ಕಾಯುತ್ತಿದ್ದೆ. “ಸುರುವಿಗೆ ಬಾರಿಸೋರ್ನ ಒಮ್ಮೆನೂ ತೋರಸಲಿಲ್ಲಲ್ಲೋ” ಎಂದರು. ತಕರಾರು ನ್ಯಾಯವಾದದ್ದೇ.

ಮರುದಿನ ಮುಂಜಾನೆ ವಿ.ಸಿ.ಆರ್. ಒಯ್ಯಲು ಅಂಗಡಿಯ ಹುಡುಗ ಬಂದ. ಅಪ್ಪ ಜಳಕ ಮುಗಿಸಿ ಆಗಲೇ ಟಿ.ವಿ. ಮುಂದೆ ಕೂತಿದ್ದರು, ನನ್ನಿಂದ ಮೊದಲ ಏಳು ನಿಮಿಷವನ್ನು ಎರಡು ಸಲ ಹಾಕಿಸಿ ಆಗಿತ್ತು. “ಒಂದ ಗಳಿಗಿ ನಿಲ್ಲೋ ತಮ್ಮಾ, ಇನ್ನೊಮ್ಮೆ ಆಗಲಿ” ಎಂದರು. ಹುಡುಗ ಬಾಗಿಲಿಗೆ ಒರಗಿ ನಿಂತ. ಮೂರನೆಯ ಸಲ ತಂತಿವಾದ್ಯಗಳು ಎದ್ದವು, ಮುಖಗಳು ಬರತೊಡಗಿದವು. ಹುಡುಗ ಬಾಯಿ ತುಸು ತೆರೆದುಕೊಂಡು ನೋಡತೊಡಗಿದ. ಅಪ್ಪ ಕುರ್ಚಿಯಲ್ಲಿ ಮೆಲ್ಲಗೆ ಹೊರಳಿ, ಟಿ.ವಿ.ಗೆ ಬೆನ್ನು ಮಾಡಿ, ಆ ಹುಡುಗನನ್ನೇ ನೋಡುತ್ತ ಕೂತರು.